‘ವಿರುದ್ಧರಾಜ್ಯಾತಿಕ್ರಮ’ ಪದದ ಅರ್ಥವಿಚಾರ

ಅಚೌರ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ಕಳ್ಳನನ್ನು ಪ್ರೇರೇಪಿಸುವ ಸ್ತೇನಪ್ರಯೋಗ, ಕದ್ದ ಮಾಲನ್ನು ಕೊಳ್ಳುವ ತದಾಹೃತಾದಾನ, ತೂಕ ಅಳತೆಗಳಲ್ಲಿ ವಂಚಿಸುವ ಹೀನಾಧಿಕಮಾನೋನ್ಮಾನ, ನಕಲಿಯನ್ನು ಅಸಲೆಂದು ಮಾರುವ ಪ್ರತಿರೂಪಕವ್ಯವಹಾರ ಎಂಬ ನಾಲ್ಕರ ವಿಷಯದಲ್ಲಿ ಅರ್ಥಭೇದಕ್ಕೆ ಹೆಚ್ಚು ಆಸ್ಪದವಿಲ್ಲ. ಇವುಗಳ ನಡುವೆ ನಿಂತಿರುವ ವಿರುದ್ಧರಾಜ್ಯಾತಿಕ್ರಮ ಮಾತ್ರ ಹಾಗಲ್ಲ. ಇಂದಿನ ಅನುವಾದಗಳೂ ಪ್ರವಚನಗಳೂ ಸಾಮಾನ್ಯವಾಗಿ ಇದಕ್ಕೆ ರಾಜ್ಯದ ಕಾನೂನನ್ನು ಮೀರುವುದೆಂದು ಅರ್ಥ ಹೇಳಿ, ಕಳ್ಳಸಾಗಣೆ, ಸುಂಕವಂಚನೆಗಳನ್ನು ಉದಾಹರಿಸಿ ಮುಂದೆ ಸಾಗುತ್ತವೆ. ಆಮದು ರಫ್ತುಗಳಲ್ಲಿ ತೊಡಗಿದ ಶ್ರಾವಕನಿಗೆ ಇದು ಬಹಳ ಅನುಕೂಲವಾದ ಅರ್ಥ. ಸುಂಕ ಕಟ್ಟಿದ ರಸೀತಿ ಕೈಯಲ್ಲಿದ್ದರೆ ವ್ರತವೂ ಕೈಯಲ್ಲಿದೆಯೆಂದು ಅವನು ತಿಳಿಯಬಹುದು.

ಪೂಜ್ಯಪಾದರ ಸರ್ವಾರ್ಥಸಿದ್ಧಿ ಅವನನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನ್ಯಾಯವಾದ ರೀತಿಯನ್ನು ತೊರೆದು ಕೊಡುವುದು, ಪಡೆಯುವುದೇ ಅವರ ದೃಷ್ಟಿಯಲ್ಲಿ ಅತಿಕ್ರಮ. ವ್ಯವಸ್ಥೆ ಕದಡಿದ ರಾಜ್ಯದಲ್ಲಿ ಬೆಲೆಬಾಳುವ ವಸ್ತುಗಳು ಅಗ್ಗಕ್ಕೆ ದೊರೆಯುತ್ತವೆಂದು ಅವುಗಳಿಗಾಗಿ ಪ್ರಯತ್ನಿಸುವುದನ್ನು ಅವರು ನಿದರ್ಶನವಾಗಿ ಸೂಚಿಸುತ್ತಾರೆ. ಬೊಕ್ಕಸಕ್ಕಾದ ನಷ್ಟದ ಮಾತೇ ಇಲ್ಲಿಲ್ಲ. ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದೇ ಸ್ಥಾನಕ್ಕೆ ‘ವಿಲೋಪ’ ಎಂಬ ಪದವನ್ನು ಬಳಸಿದ್ದಾರೆ. ಅದರಲ್ಲಂತೂ ರಾಜ್ಯದ ಹೆಸರೂ ಇಲ್ಲ. ಬೊಕ್ಕಸದ ಚಿಂತೆ ಅರ್ಥಶಾಸ್ತ್ರದ್ದು. ಸುಂಕದ ಭಯದಿಂದ ಸರಕಿನ ಪ್ರಮಾಣವನ್ನೋ ಬೆಲೆಯನ್ನೋ ತಗ್ಗಿಸಿ ಹೇಳಿದವನಿಂದ ಹೆಚ್ಚುವರಿಯನ್ನು ರಾಜನು ಕಸಿದುಕೊಳ್ಳಬೇಕು, ಇಲ್ಲವೇ ಸುಂಕದ ಎಂಟು ಪಟ್ಟು ವಸೂಲು ಮಾಡಬೇಕೆಂದು ಕೌಟಿಲ್ಯನು ವಿಧಿಸುತ್ತಾನೆ. ಎರಡು ಗ್ರಂಥಗಳ ಕಣ್ಣೂ ಒಬ್ಬನೇ ವ್ಯಾಪಾರಿಯ ಮೇಲಿದೆ. ಅವನು ಸುಂಕದ ಕಟ್ಟೆಯಲ್ಲಿ ಏನು ಹೇಳಿದನೆಂದು ಒಂದು ಕೇಳಿದರೆ, ಸರಕು ಅವನಿಗೆ ಅಷ್ಟು ಅಗ್ಗವಾಗಿ ಹೇಗೆ ಸಿಕ್ಕಿತೆಂದು ಇನ್ನೊಂದು ಕೇಳುತ್ತದೆ.

ಭಾರತದ 1962ರ ಕಸ್ಟಮ್ಸ್ ಕಾಯಿದೆ ಕೌಟಿಲ್ಯನ ಪಕ್ಷದ್ದು, ಹಾಗಿರುವುದೇ ಸಹಜ. ಪರಸ್ಪರ ಸಂಬಂಧವಿಲ್ಲದ ಇಬ್ಬರ ನಡುವೆ ನಿಜವಾಗಿ ಪಾವತಿಯಾದ ಬೆಲೆಯೇ ಸುಂಕಕ್ಕೆ ಆಧಾರವೆಂದು, 2007ರಲ್ಲಿ ಬದಲಾದ ಅದರ 14ನೆಯ ಕಲಂ ಹೇಳುತ್ತದೆ. ಗ್ಯಾಟ್ ಒಪ್ಪಂದದ 7ನೆಯ ವಿಧಿಯನ್ನು ಅನುಸರಿಸಿದ ತತ್ತ್ವವಿದು. 2011ರಿಂದ ಸುಂಕವನ್ನು ಲೆಕ್ಕಹಾಕುವ ಮೊದಲ ಹೊಣೆಯೂ ಆಮದುದಾರನದೇ. ಅವನು ಘೋಷಿಸಿದ ಬೆಲೆ ನಿಜವೇ ಎಂದು ಶಂಕಿಸಲು ಅಧಿಕಾರಿಗೆ ಅಧಿಕಾರವುಂಟು. ಅದು ನ್ಯಾಯವಾದ ಬೆಲೆಯೇ ಎಂಬ ಪ್ರಶ್ನೆ ಅವನದಲ್ಲ. ಇನ್‌ವಾಯ್ಸಿನಲ್ಲಿ ಬೆಲೆ ತಗ್ಗಿಸಿದ್ದು ಸಿಕ್ಕಿಬಿದ್ದರೆ 111ನೆಯ ಕಲಮಿನಂತೆ ಮಾಲು ಮುಟ್ಟುಗೋಲಿಗೆ ಒಳಗಾಗುತ್ತದೆ. ಆದರೆ ಸುಳ್ಳು ಇನ್‌ವಾಯ್ಸಿನ ದೋಷವನ್ನು ವಿರುದ್ಧರಾಜ್ಯಾತಿಕ್ರಮದ ಮೇಲೆ ಹೊರಿಸಬೇಕಾದ ಅಗತ್ಯವೇನಿದೆ? ಅದು ಸತ್ಯಾಣುವ್ರತದ ಅತಿಚಾರಗಳಲ್ಲೊಂದಾದ ಕೂಟಲೇಖಕ್ರಿಯೆ. ತೂಕ ಮರೆಸಿದರೆ ಹೀನಾಧಿಕಮಾನೋನ್ಮಾನ ಇದ್ದೇ ಇದೆ. ಇವೆಲ್ಲವನ್ನೂ ಒಂದೇ ಪದದೊಳಗೆ ತುಂಬಿದ ವ್ಯಾಖ್ಯಾನವು, ಆ ಪದವೊಂದೇ ಹೇಳಬಹುದಾಗಿದ್ದುದನ್ನು ಹೊರಗೆ ತಳ್ಳಿದೆ.

ತಳ್ಳಿದ್ದೇನೆಂಬುದು ವಜ್ರದ ವ್ಯಾಪಾರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಜಗತ್ತಿನ ಕಚ್ಚಾ ವಜ್ರಗಳಲ್ಲಿ ಬಹುಪಾಲಿಗೆ ಸಾಣೆ ಹಿಡಿಯುವುದು ಸೂರತ್ತಿನಲ್ಲಿ. ಮುಂಬಯಿ, ಆಂಟ್‌ವರ್ಪ್‌ಗಳ ಈ ವ್ಯಾಪಾರದಲ್ಲಿ ಪಾಲನಪುರ ಮೂಲದ ಜೈನ ಮನೆತನಗಳ ಪಾತ್ರ ದೊಡ್ಡದು. 1990ರ ದಶಕದಲ್ಲಿ ಅಂಗೋಲಾ, ಸಿಯೆರಾ ಲಿಯೋನ್‌ಗಳ ಬಂಡುಕೋರರು ವಜ್ರ ಮಾರಿ ಆಯುಧ ಕೊಂಡರು. ಸರ್ಕಾರದ ಪ್ರಮಾಣಪತ್ರವಿಲ್ಲದ ಅಲ್ಲಿನ ವಜ್ರಗಳನ್ನು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಕ್ರಮವಾಗಿ 1998 ಮತ್ತು 2000ದಲ್ಲಿ ನಿಷೇಧಿಸಿತು. 2003ರಲ್ಲಿ ಕಿಂಬರ್ಲಿ ಪ್ರಕ್ರಿಯೆ ಜಾರಿಗೆ ಬಂತು. ಅದರ ಪ್ರಮಾಣಪತ್ರವಿಲ್ಲದೆ ಕಚ್ಚಾ ವಜ್ರ ಭಾರತದೊಳಗೆ ಬರುವಂತಿಲ್ಲ. ಆದರೆ ಅದು ದೋಷಯುಕ್ತವೆಂದು ಗುರುತಿಸುವುದು ನ್ಯಾಯಬದ್ಧ ಸರ್ಕಾರಗಳ ವಿರುದ್ಧ ಬಂಡೆದ್ದವರ ವಜ್ರವನ್ನು ಮಾತ್ರ. 2008ರಲ್ಲಿ ಜಿಂಬಾಬ್ವೆಯ ಮರಾಂಗೆಯಲ್ಲಿ ವಜ್ರಕ್ಕಾಗಿ ನೆಲ ಅಗೆಯುತ್ತಿದ್ದವರನ್ನು ಕೊಂದವರು ಬಂಡುಕೋರರಲ್ಲ, ಸರ್ಕಾರದ್ದೇ ಸೈನಿಕರು. ಕೆಲಕಾಲ ತಡೆಹಿಡಿದಿದ್ದ ಅಲ್ಲಿನ ರಫ್ತಿಗೆ 2011ರಲ್ಲಿ ಒಪ್ಪಿಗೆ ದೊರೆಯಿತು. ಅದೇ ವರ್ಷ ಗ್ಲೋಬಲ್ ವಿಟ್‌ನೆಸ್ ಸಂಸ್ಥೆ ಈ ಪ್ರಕ್ರಿಯೆಯಿಂದ ಹೊರನಡೆಯಿತು.

ಮರಾಂಗೆಯ ಕಲ್ಲು ಪ್ರಮಾಣಪತ್ರದೊಡನೆ, ಕೊಟ್ಟ ಬೆಲೆಯ ಪೂರ್ಣ ಘೋಷಣೆಯೊಡನೆ ಮುಂಬಯಿಗೆ ಬಂದರೆ, ಪ್ರಚಲಿತ ಅರ್ಥದಂತೆ ಅತಿಚಾರವೇ ಇಲ್ಲ. ಪೂಜ್ಯಪಾದರ ಅರ್ಥದಂತೆ ವಿಚಾರಣೆ ಅಲ್ಲಿಂದಲೇ ಆರಂಭವಾಗಬೇಕು. ಅಗ್ಗವೆಲ್ಲ ಅನ್ಯಾಯವಲ್ಲ ನಿಜ. ಬೆಳೆ ಹೆಚ್ಚಾಗಿ ಬೆಲೆ ಇಳಿದ ಮೆಣಸನ್ನು ಕೊಳ್ಳುವುದಕ್ಕೆ ಯಾವ ಆಚಾರ್ಯರೂ ಅಡ್ಡಬರುವುದಿಲ್ಲ. ಮಾರುವವನಿಗೆ ಬೇಡವೆನ್ನುವ ಸ್ವಾತಂತ್ರ್ಯವನ್ನು ರಾಜ್ಯದ ಅವ್ಯವಸ್ಥೆಯೇ ಕಸಿದುಕೊಂಡಾಗ ಇಳಿಯುವ ಬೆಲೆ ಬೇರೆ ಜಾತಿಯದು.

ಈ ಭೇದವನ್ನು ವ್ಯವಹಾರದಲ್ಲಿ ಪಾಲಿಸುವುದು ಸುಲಭವಲ್ಲ. ಹಲವು ಗಣಿಗಳ ಕಲ್ಲು ಬೆರೆತ ಪೊಟ್ಟಣವನ್ನು ‘ಮಿಶ್ರ ಮೂಲ’ವೆಂದು ಬರೆದು ಕಳುಹಿಸಲು ಕಿಂಬರ್ಲಿ ನಿಯಮಗಳೇ ಅವಕಾಶ ಕೊಟ್ಟಿವೆ. ಸಾಣೆ ಹಿಡಿದ ಮೇಲಂತೂ ಆ ಪ್ರಮಾಣಪತ್ರದ ಮಾತೇ ಬರುವುದಿಲ್ಲ. ಎಲ್ಲಿಯದೆಂದು ಕೇಳುವ ಶ್ರಾವಕನಿಗೆ ಪೊಟ್ಟಣ ಕೊಟ್ಟವನೂ ಉತ್ತರ ಹೇಳಲಾರದೆ ಹೋಗಬಹುದು.