ನಾದಿರಾಳ ಸಾವಿಗೆ ಯಾರು ಹೊಣೆ?

2023ರ ಜನವರಿಯಲ್ಲಿ ನಮ್ಮನ್ನಗಲಿದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಕನ್ನಡಿಗರು ಬಹುಮಟ್ಟಿಗೆ ಎರಡು ರೀತಿಯಲ್ಲಿ ಓದಿದ್ದಾರೆ. ಮುಸ್ಲಿಮೇತರರಲ್ಲಿ ಹಲವರಿಗೆ ಅದು ಇಸ್ಲಾಮಿನ ಮೇಲಿನ ತೀರ್ಪು. ಮುಸ್ಲಿಮರಲ್ಲಿ ಹಲವರಿಗೆ ಅದು ಸಮುದಾಯದ ಮೇಲಿನ ಅಪಪ್ರಚಾರ. ಎರಡೂ ಓದುಗಳು ಒಂದು ಸಂಗತಿಯನ್ನು ಕಡೆಗಣಿಸುತ್ತವೆ. ಈ ಕಾದಂಬರಿಯಲ್ಲಿ ಬೇಕೆಂದೇ ಕೇಡು ಮಾಡಲು ಹೊರಟವರು ಯಾರೂ ಇಲ್ಲ. ತಮ್ಮ ತಮ್ಮ ಸ್ಥಾನಕ್ಕೆ ತಕ್ಕಂತೆ ನಡೆದುಕೊಂಡವರೇ ಎಲ್ಲರೂ. ದುರಂತದ ಬೇರು ಇರುವುದೂ ಅಲ್ಲೇ.

ಕಾಸರಗೋಡಿನ ಚಂದ್ರಗಿರಿ ನದಿಯ ಆಸುಪಾಸಿನ ಕಥೆ ಇದು. ಮಹಮ್ಮದ್ ಖಾನ್ ಮಗಳು ನಾದಿರಾಳನ್ನು ರಶೀದನಿಗೆ ಮದುವೆ ಮಾಡಿಕೊಡುತ್ತಾನೆ. ಮುಂದೆ ಅಳಿಯನ ಬಳಿ ಹಣ ಕೇಳಿ, ಸಿಗದಾಗ ಮಗಳನ್ನು ತವರಿಗೆ ಕರೆತಂದು ತಲಾಖ್ ಆಗುವಂತೆ ಮಾಡುತ್ತಾನೆ. ಗಂಡಹೆಂಡಿರು ಮತ್ತೆ ಒಂದಾಗಬೇಕೆಂದಾಗ, ಅವಳು ಇನ್ನೊಬ್ಬನನ್ನು ಮದುವೆಯಾಗಿ ಒಂದು ರಾತ್ರಿ ಕಳೆಯಬೇಕೆಂಬ ಷರತ್ತು ಎದುರಾಗುತ್ತದೆ. ನಾದಿರಾ ಮಸೀದಿಯ ಕೆರೆಯಲ್ಲಿ ಪ್ರಾಣ ಬಿಡುತ್ತಾಳೆ.

ಖಾನ್‌ನನ್ನು ಕ್ರೂರಿ ಎಂದು ಪಕ್ಕಕ್ಕಿಟ್ಟರೆ ನಮ್ಮ ಮನಸ್ಸಿಗೆ ಹಗುರ. ಆದರೆ ಅವನು ತನ್ನನ್ನು ಮನೆಯ ಯಜಮಾನನೆಂದೇ ತಿಳಿದಿದ್ದಾನೆ. ಮಾತು ಹಿಂತೆಗೆದುಕೊಂಡರೆ ಗಂಡಸುತನಕ್ಕೆ ಕುಂದು ಎಂಬ ಪಾಠ ಅವನಿಗೆ ಊರೇ ಕಲಿಸಿದ್ದು. ಹೆಂಡತಿ ಫಾತಿಮ್ಮಳಿಗೆ ನಡೆಯುತ್ತಿರುವುದು ಅನ್ಯಾಯವೆಂಬುದು ತಿಳಿದಿದೆ. ಆದರೂ ಗಂಡನೆದುರು ದನಿಯೆತ್ತದವಳೇ ಒಳ್ಳೆಯ ಹೆಂಡತಿ ಎಂಬ ಅಳತೆಗೋಲು ಅವಳ ತಾಯ್ತನವನ್ನೇ ಕಟ್ಟಿಹಾಕುತ್ತದೆ. ಮಗಳಿಗಾಗಿ ಕಣ್ಣೀರು ಸುರಿಸಲು ಅವಳಿಗೆ ಅನುಮತಿ ಉಂಟು, ಬಾಗಿಲಿಗೆ ಅಡ್ಡ ನಿಲ್ಲಲು ಇಲ್ಲ. ಹೆಂಡತಿಯನ್ನು ಪ್ರೀತಿಸುವ ರಶೀದನೂ ಆ ಷರತ್ತಿನ ಬೆಲೆ ತೆರಬೇಕಾದವಳು ಅವಳೆಂದು ತಿಳಿದೂ ನಿಯಮದ ಎದುರು ನಿಲ್ಲುವುದಿಲ್ಲ.

ಹಾಗಾದರೆ ಧರ್ಮ ಏನು ಹೇಳುತ್ತದೆ? ಮೂರು ತಲಾಖ್ ಪೂರ್ಣಗೊಂಡ ಬಳಿಕ ಸ್ತ್ರೀ ಬೇರೊಬ್ಬನೊಂದಿಗೆ ನಿಜವಾದ ದಾಂಪತ್ಯಕ್ಕೆ ಪ್ರವೇಶಿಸಿ, ಅದೂ ತಾನಾಗಿ ಮುರಿದರೆ ಮಾತ್ರ ಮೊದಲಿನವನನ್ನು ಮತ್ತೆ ವರಿಸಬಹುದು ಎಂಬುದು ಅಲ್‌ಬಕರದ 230ನೇ ವಚನದ ಆಶಯ. ತಲಾಖನ್ನು ಆಟಿಕೆಯಾಗಿಸಿಕೊಳ್ಳುವ ಗಂಡಸಿಗೆ ಹಾಕಿದ ಕಡಿವಾಣವದು. ಮೊದಲೇ ಗೊತ್ತುಮಾಡಿಕೊಂಡು ಇಂಥ ಮದುವೆ ಮಾಡುವವನನ್ನೂ ಮಾಡಿಸುವವನನ್ನೂ ಪ್ರವಾದಿ ಮುಹಮ್ಮದ್(ಸ) ಶಪಿಸಿದ್ದಾರೆ. ತಲಾಖ್ ಮೂರನ್ನು ಮುಟ್ಟದೆ ಇದ್ದಲ್ಲಿ, ಇದ್ದತ್ ಮುಗಿದ ಸ್ತ್ರೀ ಪರಸ್ಪರ ಒಪ್ಪಿಗೆಯಿಂದ ಹಿಂದಿನ ಗಂಡನನ್ನೇ ಮದುವೆಯಾಗುವುದನ್ನು ತಡೆಯಬೇಡಿ ಎಂದು 232ನೇ ವಚನ ಆದೇಶಿಸುತ್ತದೆ. ಕಡಿವಾಣ ಗಂಡಸಿನ ಕೈಯಿಂದ ಜಾರಿ ಹೆಣ್ಣಿನ ಕೊರಳಿಗೆ ಬಿದ್ದದ್ದು ನಮ್ಮ ಸಮಾಜದ ಕೈವಾಡ.

ಇದನ್ನೆಲ್ಲ ಕಾದಂಬರಿ ವಿವರಿಸಬೇಕಿತ್ತೆಂಬುದು ಕೆಲವರ ಆಕ್ಷೇಪ. ಒಪ್ಪುವುದು ಕಷ್ಟ. ಸಾರಾ ಬರೆದದ್ದು ಫಿಕ್ಹ್ ಗ್ರಂಥವನ್ನಲ್ಲ, ಖಾನ್‌ನ ಮನೆಯನ್ನು. ಆ ಮನೆಯಲ್ಲಿ ಧರ್ಮ ಕೇಳಿಸುವುದೇ ತಂದೆಯ ದನಿಯಲ್ಲಿ. ಅಲ್ಲಿ ಶರೀಅತ್ ಮತ್ತು ಸಂಪ್ರದಾಯಗಳ ನಡುವಿನ ಗೆರೆಯನ್ನು ನಾದಿರಾಳಿಗೆ ಹೇಳಿಕೊಡುವವರು ಯಾರು? ಆ ಗೆರೆ ಬಲ್ಲವರು ಮಾತಾಡದೆ ಉಳಿದು, ಬರೆದ ಲೇಖಕಿಯ ಮೇಲೆ ಮಾತ್ರ ಮುನಿಸಿಕೊಂಡರೆ ಅದು ಯಾವ ನ್ಯಾಯ?

ಒಂದೇ ಉಸಿರಿನ ತಲಾಖನ್ನು ಸುಪ್ರೀಂ ಕೋರ್ಟ್ 2017ರಲ್ಲಿ ಅಸಿಂಧುಗೊಳಿಸಿತು. 2019ರ ಕಾಯಿದೆ ಅದನ್ನು ಅಪರಾಧವಾಗಿಸಿತು. ಕಾನೂನು ಗಂಡಸನ್ನು ಜೈಲಿಗೆ ಕಳಿಸೀತು. ಫಾತಿಮ್ಮಳ ಮೌನವನ್ನು ಮುರಿಯುವ ಶಕ್ತಿ ಅದಕ್ಕಿಲ್ಲ. ಮಗಳ ಪರ ಗಂಡನೆದುರು ನಿಂತ ತಾಯಿಯನ್ನು ‘ಗಯ್ಯಾಳಿ’ ಎನ್ನದ, ತಪ್ಪೊಪ್ಪಿಕೊಂಡ ತಂದೆಯನ್ನು ‘ಹೇಡಿ’ ಎನ್ನದ ಮೊಹಲ್ಲಾವನ್ನು ನಾವೇ ಕಟ್ಟಬೇಕು. ಸಾರಾ ಅವರ ಕಾದಂಬರಿ ನಮ್ಮಿಂದ ಬೇಡುವುದು ಇಷ್ಟನ್ನೇ.