ಹುಣ್ಣಿಗೆ ಒತ್ತಡವೊಂದೇ ಕಾರಣವೇ?

ರಾಬರ್ಟ್ ಸಪೋಲ್ಸ್ಕಿ ಅವರ ‘ವೈ ಜೀಬ್ರಾಸ್ ಡೋಂಟ್ ಗೆಟ್ ಅಲ್ಸರ್ಸ್’ (1994, ಮೂರನೆಯ ಆವೃತ್ತಿ 2004) ಒತ್ತಡದ ಹಾರ್ಮೋನುಗಳನ್ನು ಕುರಿತ ರಸವತ್ತಾದ ಪುಸ್ತಕ. ಸಿಂಹ ಬೆನ್ನಟ್ಟಿದಾಗ ಜೀಬ್ರಾದ ರಕ್ತದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಏರುತ್ತವೆ. ಸ್ನಾಯುಗಳಿಗೆ ಸಕ್ಕರೆ ಒದಗುತ್ತದೆ, ಜೀರ್ಣಕ್ರಿಯೆ ತಗ್ಗುತ್ತದೆ. ಓಟ ಮುಗಿದರೆ ಎಲ್ಲವೂ ಮೊದಲಿನಂತೆ. ಮನುಷ್ಯನಾದರೋ ಸಾಲ, ಪರೀಕ್ಷೆಗಳನ್ನು ನೆನೆನೆನೆದೇ ಈ ವ್ಯವಸ್ಥೆಯನ್ನು ವರ್ಷಗಟ್ಟಲೆ ಕೆರಳಿಸುತ್ತಾನೆ. ರಕ್ತದೊತ್ತಡ, ನಿದ್ರಾಹೀನತೆ, ಖಿನ್ನತೆಗಳಿಗೆ ಇದು ದಾರಿಮಾಡುವ ಬಗೆಯನ್ನು ಲೇಖಕರು ಸೊಗಸಾಗಿ ವಿವರಿಸಿದ್ದಾರೆ.

ನಮ್ಮ ತಕರಾರು ಶೀರ್ಷಿಕೆಯ ಬಗ್ಗೆ. ಜಠರದ ಹುಣ್ಣಿಗೆ ಬಹುಮಟ್ಟಿಗೆ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯ ಇಲ್ಲವೇ ನೋವುನಿವಾರಕ ಮಾತ್ರೆಗಳು. ಬ್ಯಾಕ್ಟೀರಿಯದ ಪಾತ್ರವನ್ನು ತೋರಿಸಿದ ಮಾರ್ಷಲ್ ಮತ್ತು ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಒತ್ತಡ ಪೂರಕ ಕಾರಣ ಮಾತ್ರ. ಲೇಖಕರೂ ಒಳಪುಟಗಳಲ್ಲಿ ಬ್ಯಾಕ್ಟೀರಿಯವನ್ನು ಮರೆತಿಲ್ಲ. ಆದರೆ ನೆನಪಿನಲ್ಲಿ ಉಳಿಯುವುದು ಶೀರ್ಷಿಕೆ! ‘ಚಿಂತೆ ಬಿಡಿ’ ಎಂದಷ್ಟೇ ಕೇಳಿಸಿಕೊಂಡ ರೋಗಿಗೆ ಆಂಟಿಬಯಾಟಿಕ್ ತಪ್ಪಿಹೋಗುತ್ತದೆ.

ಕಾರ್ಟಿಸಾಲ್ ಮಿದುಳಿನ ಹಿಪೊಕ್ಯಾಂಪಸನ್ನು ಕುಗ್ಗಿಸುತ್ತದೆ ಎಂಬ ವಾದವನ್ನು ತರಗತಿಯಲ್ಲಿ ಹೇಳುವ ಅಧ್ಯಾಪಕರು 2002ರ ಅವಳಿಗಳ ಅಧ್ಯಯನವನ್ನೂ ಜೊತೆಗಿಟ್ಟುಕೊಳ್ಳಬೇಕು. ವಿಯೆಟ್ನಾಂ ಯುದ್ಧದ ನಂತರ ತೀವ್ರ ಮಾನಸಿಕ ಆಘಾತದಿಂದ ನರಳಿದ ಸೈನಿಕರಲ್ಲಿ ಹಿಪೊಕ್ಯಾಂಪಸ್ ಚಿಕ್ಕದಿತ್ತು, ನಿಜ. ಯುದ್ಧಕ್ಕೇ ಹೋಗದ ಅವರ ತದ್ರೂಪಿ ಅವಳಿಗಳಲ್ಲೂ ಅದು ಚಿಕ್ಕದೇ ಇತ್ತು.