ಪರರ ಚೌಕಟ್ಟು, ತನ್ನ ಚೆಲುವು: ಪುಷ್ಪಮಾಲಾ ಎನ್. ಚಿತ್ರಗಳು ಮತ್ತು ಸಂಡೂರಿನ ಲಂಬಾಣಿ ಕಸೂತಿ

ಕಲಾವಿದೆ ತನ್ನ ಮುಖವನ್ನೇ ವಸ್ತುವಾಗಿಸಿಕೊಂಡಾಗ ಚಿತ್ರದಲ್ಲಿ ಕಾಣುವ ಚೆಲುವು ಯಾರದು? ಬೆಂಗಳೂರಿನ ಪುಷ್ಪಮಾಲಾ ಎನ್. ಅವರು ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರೊಡನೆ 2000ರಿಂದ 2004ರ ಅವಧಿಯಲ್ಲಿ ರೂಪಿಸಿದ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ: ಮ್ಯಾನರ್ಸ್ ಅಂಡ್ ಕಸ್ಟಮ್ಸ್’ ಛಾಯಾಚಿತ್ರ ಮಾಲಿಕೆ ಈ ಪ್ರಶ್ನೆಯ ಮೇಲೆ ನಿಂತಿದೆ. ರವಿವರ್ಮನ ಲಕ್ಷ್ಮಿ, ಬಿಜಾಪುರ ಶೈಲಿಯ ಕಿರುಚಿತ್ರದ ಯೋಗಿನಿ, ವಸಾಹತು ಕಾಲದ ದೇಹಮಾಪನ ಚಿತ್ರದ ತೋಡ ಹೆಣ್ಣು, ಪತ್ರಿಕೆಯಲ್ಲಿ ಅಚ್ಚಾದ ಆರೋಪಿ, ಈ ಎಲ್ಲ ಪಾತ್ರಗಳಲ್ಲಿಯೂ ಕಲಾವಿದೆಯೇ ಇದ್ದಾರೆ. ಹೀಗಾಗಿ ಇವು ಸ್ವಯಂ ಭಾವಚಿತ್ರಗಳು. ಆದರೆ ಚೌಕಟ್ಟು ಮಾತ್ರ ಪರರದು.

ಎಲ್ಲ ಚಿತ್ರಗಳೂ ಸಮನಾಗಿ ಗೆದ್ದಿಲ್ಲ. ಲಕ್ಷ್ಮಿಯಲ್ಲಿ ಅನುಕರಣೆಯ ಸೊಗಸೇ ವಿಮರ್ಶೆಯನ್ನು ನುಂಗುವ ಅಪಾಯವಿದೆ. ತೋಡ ಚಿತ್ರದಲ್ಲಿ ಹಾಗಲ್ಲ. ಚೌಕುಳಿ ಪರದೆಯ ಮುಂದೆ ನಿಂತ ದೇಹವು ಸುಂದರವೋ ಅಲ್ಲವೋ ಎಂಬ ಮಾತೇ ಅಲ್ಲಿ ಉಳಿಯುವುದಿಲ್ಲ. ಅಳೆಯುವವನ ಕಣ್ಣೇ ಪ್ರದರ್ಶನದ ವಸ್ತುವಾಗುತ್ತದೆ.

ಜಾನಪದ ಅಧ್ಯಯನಕ್ಕೆ ಈ ಚಿತ್ರ ಮುಜುಗರದ್ದು. ಏಕೆಂದರೆ ಅಳೆಯುವ ಆ ಪರಂಪರೆ ಅದಕ್ಕೂ ನೆಂಟಸ್ತಿಕೆಯುಳ್ಳದ್ದು. ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ, ಬುಡಕಟ್ಟುಗಳ 7 ಸಂಪುಟಗಳಲ್ಲಿ ತೋಡರಂತೆಯೇ ಲಂಬಾಣಿಗರೂ ಒಂದು ‘ಮಾದರಿ’. ಸಂಡೂರು, ಹೊಸಪೇಟೆ ಪರಿಸರದ ತಾಂಡಾಗಳನ್ನು ಬರೆದವರು ಇಂದಿಗೂ ಆ ವರ್ಣನೆಯ ಧಾಟಿಯಿಂದ ಪೂರ್ಣವಾಗಿ ಬಿಡಿಸಿಕೊಂಡಿಲ್ಲ. ಉಡುಗೆ ‘ವರ್ಣರಂಜಿತ’ ಎಂದಷ್ಟೇ ಹೇಳಿ ಮುಂದೆ ಸಾಗುವುದು ವಾಡಿಕೆ.

ಆದರೆ ಲಂಬಾಣಿ ಹೆಣ್ಣು ತನ್ನ ಕಾಂಚಳಿ, ಫೇಟಿಯಾಗಳನ್ನು ತಾನೇ ಹೊಲಿದುಕೊಂಡವಳು. ಕವಡೆ, ನಾಣ್ಯಗಳ ಜೊತೆಗೆ ಆಕೆ ಬಟ್ಟೆಗೆ ಕೂರಿಸುವ ಕನ್ನಡಿಯ ಚೂರು ತೊಟ್ಟವಳ ಮುಖವನ್ನು ತೋರದು; ಎದುರು ನಿಂತವನ ಮುಖವನ್ನು ಚೂರುಚೂರಾಗಿ ಅವನಿಗೇ ಮರಳಿಸುತ್ತದೆ. ಪುಷ್ಪಮಾಲಾ ವೇಷ ಕಟ್ಟಿ ಸಾಧಿಸಿದ್ದನ್ನು ಇಲ್ಲಿ ಸೂಜಿ ಸಾಧಿಸಿದೆ. ವ್ಯತ್ಯಾಸವೂ ಇದೆ: ಕಲಾವಿದೆ ಚಿತ್ರೀಕರಣ ಮುಗಿದೊಡನೆ ತೋಡ ವೇಷವನ್ನು ಕಳಚಬಲ್ಲರು. ತಾಂಡಾದ ಹಿರಿಯಳಿಗೆ ಅದು ವೇಷವಲ್ಲ. ಮಾಲಿಕೆಯ ಮಿತಿಯೂ ಇದೇ. ಇನ್ನೊಬ್ಬಳ ಪಾತ್ರವನ್ನು ವಹಿಸುವ ಕಲೆ ಆ ಇನ್ನೊಬ್ಬಳ ಕೈಗೆ ಕ್ಯಾಮೆರಾ ಕೊಡುವುದಿಲ್ಲ.

2023ರ ಜುಲೈಯಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಂಸ್ಕೃತಿ ಕಾರ್ಯಗುಂಪಿನ ಸಭೆಯ ಸಂದರ್ಭದಲ್ಲಿ ಸಂಡೂರು ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಮಹಿಳೆಯರು ಸಿದ್ಧಪಡಿಸಿದ 1755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆಗೆ ಸೇರಿತು. ದಾಖಲೆಗೆ ಲೆಕ್ಕವಾದದ್ದು ವಸ್ತುಗಳು. ಯಾವ ಹೊಲಿಗೆ ಯಾರ ಕೈಯದು, ಯಾವ ಚೂರನ್ನು ಯಾಕೆ ಎಲ್ಲಿ ಕೂರಿಸಿದಳು ಎಂಬುದನ್ನು ಆಯಾ ಹೆಣ್ಣಿನ ಮಾತಿನಲ್ಲಿಯೇ ಬರೆದಿಡುವ ಕೆಲಸ ಕ್ಷೇತ್ರಕಾರ್ಯದ ಪಾಲಿಗೆ ಬಂದಿದೆ.